ಯಾವ ಪುಟವನ್ನು ಮುಚ್ಚಿಡಬೇಕಾಯಿತು: ನೀಷೆಯ ವಿಚಾರಗಳು ಮತ್ತು ಅವನ್ನು ಬಳಸಿಕೊಂಡವರು

(ಮಂಗಳೂರಿನಲ್ಲಿ ಓದುಗರ ಕೂಟವೊಂದರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತನಾಡುವಾಗ ಅರ್ಧಕ್ಕೆ ನಿಂತ ಕೆಲವು ವಾಕ್ಯಗಳನ್ನು ಇಲ್ಲಿ ಪೂರ್ತಿಗೊಳಿಸಿದ್ದೇನೆ.)

ಮಾನ್ಯರೇ,

ಈ ಸಭಾಂಗಣದಿಂದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರಕ್ಕೆ ನಡೆದೇ ಹೋಗಬಹುದು. ಬ್ರಹ್ಮಶ್ರೀ ನಾರಾಯಣ ಗುರುಗಳು 1912ರಲ್ಲಿ ಅಲ್ಲಿ ಪ್ರತಿಷ್ಠೆ ನೆರವೇರಿಸಿದ್ದು ನಿಮಗೆಲ್ಲ ಗೊತ್ತಿದೆ. ‘ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು’ ಎಂಬ ಅವರ ಮಾತನ್ನು ಈ ಊರಿನ ಮಕ್ಕಳು ಕೂಡ ಬಾಯಿಪಾಠ ಹೇಳುತ್ತಾರೆ. ಜರ್ಮನಿಯ ತತ್ತ್ವಜ್ಞಾನಿಯೊಬ್ಬನ ಬಗ್ಗೆ ಮಾತನಾಡಲು ಬಂದ ನಾನು ಈ ಮಾತಿನಿಂದ ತೊಡಗುವುದಕ್ಕೆ ಕಾರಣವಿದೆ. ಮಲಯಾಳದ ಮೂಲ ಸಾಲಿನಲ್ಲಿ ಇನ್ನೊಂದು ಪದವಿದೆ. ಅದು ‘ಮನುಷ್ಯನಿಗೆ’. ‘ಮನುಷ್ಯನಿಗೆ ಜಾತಿ ಒಂದು, ಮತ ಒಂದು, ದೈವ ಒಂದು’ ಎಂದು ಹೇಳಿದ ಮೇಲೆ ‘ಯೋನಿ ಒಂದು, ಆಕಾರ ಒಂದು, ಇದರಲ್ಲಿ ಭೇದವೇನೂ ಇಲ್ಲ’ ಎಂದು ಗುರುಗಳು ಪದ್ಯವನ್ನು ಮುಂದುವರಿಸುತ್ತಾರೆ. ಇದು ‘ಜಾತಿನಿರ್ಣಯ’ ಎಂಬ ಚಿಕ್ಕ ಕೃತಿಯಲ್ಲಿರುವ ಸಾಲು. ಆ ಕೃತಿ ತೊಡಗುವುದು ಒಂದು ಸಂಸ್ಕೃತ ಶ್ಲೋಕದಿಂದ: ‘ಮನುಷ್ಯಾಣಾಂ ಮನುಷ್ಯತ್ವಂ ಜಾತಿರ್ಗೋತ್ವಂ ಗವಾಂ ಯಥಾ’. ಹಸುಗಳಿಗೆ ಗೋತ್ವ ಹೇಗೋ ಮನುಷ್ಯರಿಗೆ ಮನುಷ್ಯತ್ವವೇ ಹಾಗೆ ಜಾತಿ. ಬ್ರಾಹ್ಮಣ ಮೊದಲಾದವು ಆ ಅರ್ಥದಲ್ಲಿ ಜಾತಿಗಳೇ ಅಲ್ಲ. ತರ್ಕಶಾಸ್ತ್ರ ಓದಿದವರಿಗೆ ಈ ‘ಜಾತಿ’ (ಒಂದು ವರ್ಗದ ಎಲ್ಲದರಲ್ಲೂ ಇರುವ ಸಾಮಾನ್ಯ ಧರ್ಮ) ಎಂಬ ಪಾರಿಭಾಷಿಕ ಪದ ಎಲ್ಲಿಂದ ಬಂತೆಂದು ಕೂಡಲೇ ತಿಳಿಯುತ್ತದೆ. ಜಾತಿಯನ್ನು ಕಾಯುತ್ತಿದ್ದ ಪಂಡಿತರ ಕೈಯಲ್ಲಿದ್ದ ಶಾಸ್ತ್ರದ ಮಾತನ್ನೇ ಎತ್ತಿಕೊಂಡು ಗುರುಗಳು ಜಾತಿಯನ್ನು ನಿರಾಕರಿಸಿದರು.

ಕನ್ನಡಕ್ಕೆ ಬರುವಾಗ ಆ ಸಾಲಿನಿಂದ ‘ಮನುಷ್ಯನಿಗೆ’ ಬಿಟ್ಟುಹೋಯಿತು, ಒತ್ತಿ ಹೇಳುವ ‘ಏ’ಕಾರ ಸೇರಿಕೊಂಡಿತು. ಅನುವಾದಿಸಿದವರಲ್ಲಿ ದುರುದ್ದೇಶವಿರಲಿಲ್ಲ, ಘೋಷಣೆಗೆ ಚಿಕ್ಕ ಮಾತು ಬೇಕಾಗುತ್ತದೆ. ಆದರೆ ಆ ಪದ ಹೋದ ಮೇಲೆ, ಮನುಷ್ಯನ ಸ್ವರೂಪದ ಬಗೆಗಿನ ನಿರೂಪಣೆಯಾಗಿದ್ದ ವಾಕ್ಯವು ಆಜ್ಞೆಯಂತೆ ಕೇಳಿಸತೊಡಗುತ್ತದೆ. ‘ಒಂದೇ ಮತ’ ಎಂದರೆ ಯಾವುದು ಆ ಒಂದು ಎಂಬ ಪ್ರಶ್ನೆ ಏಳುತ್ತದೆ, ‘ನಮ್ಮದೇ’ ಎಂದು ಹೇಳಲು ಬೇರೆ ಬೇರೆ ಕಡೆಯವರು ಮುಂದೆ ಬರುತ್ತಾರೆ. ಎಲ್ಲ ಮತಗಳ ಸಾರವೂ ಒಂದು ಎಂದು ‘ಆತ್ಮೋಪದೇಶ ಶತಕ’ದಲ್ಲಿ ಬರೆದವರು, 1924ರಲ್ಲಿ ಆಲುವಾದಲ್ಲಿ ಸರ್ವಮತ ಸಮ್ಮೇಳನ ಕರೆದು, ಇದು ವಾದಿಸಿ ಗೆಲ್ಲುವುದಕ್ಕಲ್ಲ, ಅರಿಯುವುದಕ್ಕೆ ಮತ್ತು ಅರಿವು ಹಂಚುವುದಕ್ಕೆ ಎಂದು ಸಾರಿದವರು ಹೇಳಿದ ಮಾತು ಅದು.

ವಿಚಾರವೊಂದು ಹೇಳಿದವನ ಕೈಬಿಟ್ಟು ಚಳವಳಿಯ ಕೈ ಸೇರಿದಾಗ ಅದರ ಅರ್ಥ ಬದಲಾಗುತ್ತದೆ. ಬದಲಾದದ್ದೆಲ್ಲವೂ ದುರುಪಯೋಗವೇ ಎಂದು ಹೇಳುವುದಾದರೆ ನಮ್ಮ ಭಾಷ್ಯ ಪರಂಪರೆಯನ್ನೇ ತಳ್ಳಿಹಾಕಬೇಕಾಗುತ್ತದೆ. ಉಡುಪಿಯ ನೆಲದಲ್ಲಿ ನಿಂತು ಶ್ರೀಮಧ್ವರು ಛಾಂದೋಗ್ಯ ಉಪನಿಷತ್ತಿನ ‘ಸ ಆತ್ಮಾ ತತ್ತ್ವಮಸಿ’ ಎಂಬ ವಾಕ್ಯವನ್ನು ‘ಸ ಆತ್ಮಾ ಅತತ್ತ್ವಮಸಿ’ ಎಂದು ಬಿಡಿಸಿದರು. ಅಕ್ಷರ ಒಂದೂ ಬದಲಾಗಲಿಲ್ಲ, ಸಂಧಿ ಬಿಡಿಸುವ ಜಾಗ ಬದಲಾಯಿತು. ‘ನೀನೇ ಅದು’ ಎಂದಿದ್ದದ್ದು ‘ನೀನು ಅದಲ್ಲ’ ಎಂದಾಯಿತು. ಇದಕ್ಕಿಂತ ದೊಡ್ಡ ಅರ್ಥಪಲ್ಲಟವನ್ನು ಊಹಿಸುವುದು ಕಷ್ಟ. ಆದರೂ ಇದನ್ನು ದುರುಪಯೋಗವೆಂದು ನಾನು ಕರೆಯಲಾರೆ. ಮಧ್ವರು ತಾವು ಪದವನ್ನು ಎಲ್ಲಿ ಒಡೆದೆವೆಂಬುದನ್ನು ಬಹಿರಂಗವಾಗಿ ಹೇಳಿದರು. ಆ ಪ್ರಕರಣದ ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ಹೇಳುತ್ತವೆಂದು ಕಾರಣ ಕೊಟ್ಟರು. ಎದುರಾಳಿಗಳು ಅದೇ ಪಠ್ಯವನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಉತ್ತರಿಸಿದರು. ಅಲ್ಲಿ ಯಾವುದೂ ಕದ್ದುಮುಚ್ಚಿ ನಡೆಯಲಿಲ್ಲ.

ಆದ್ದರಿಂದ ನಾನು ಇಂದು ಒಂದು ಅಳತೆಗೋಲನ್ನು ನಿಮ್ಮ ಮುಂದಿಡುತ್ತೇನೆ. ‘ಈ ಮಾತನ್ನು ಅವನು ಹೇಳಿದ್ದು ನಿಜವೇ’ ಎಂಬ ಪ್ರಶ್ನೆ ಸಾಲದು, ಏಕೆಂದರೆ ದುರುಪಯೋಗ ಮಾಡುವವರು ಹೆಚ್ಚಾಗಿ ಅವನು ಹೇಳಿದ ಮಾತನ್ನೇ ಹೇಳುತ್ತಾರೆ. ಆ ಮಾತನ್ನು ಬಳಸಿಕೊಳ್ಳುವುದಕ್ಕೆ ಅವರು ಅವನದೇ ಬೇರೆ ಯಾವ ಮಾತುಗಳನ್ನು ಮರೆಮಾಚಬೇಕಾಯಿತು ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹಿಡಿದುಕೊಂಡು ಫ್ರೀಡ್ರಿಕ್ ನೀಷೆಯ ಕಥೆಯನ್ನು ನೋಡೋಣ.

ನೀಷೆ 1844ರಲ್ಲಿ ರ್ಯೋಕೆನ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. 24ನೆಯ ವಯಸ್ಸಿಗೇ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿ, ಆರೋಗ್ಯ ಕೆಟ್ಟು 1879ರಲ್ಲಿ ಹುದ್ದೆ ಬಿಟ್ಟು, ಮುಂದಿನ ಹತ್ತು ವರ್ಷ ಬಾಡಿಗೆ ಕೋಣೆಗಳಲ್ಲಿ ಒಬ್ಬನೇ ಕುಳಿತು ತನ್ನ ಮುಖ್ಯ ಪುಸ್ತಕಗಳನ್ನು ಬರೆದ. 1889ರ ಜನವರಿಯಲ್ಲಿ ಟ್ಯೂರಿನ್ ನಗರದಲ್ಲಿ ಬುದ್ಧಿ ಕಳೆದುಕೊಂಡವನು ಮತ್ತೆ ಚೇತರಿಸಲಿಲ್ಲ. 1900ರಲ್ಲಿ ವೈಮಾರ್‌ನಲ್ಲಿ ತೀರಿಕೊಂಡ. ಅವನ ಹೆಸರು ಯೂರೋಪಿನಲ್ಲೆಲ್ಲ ಹಬ್ಬಿದ್ದು ಈ ಕೊನೆಯ ಹನ್ನೊಂದು ವರ್ಷಗಳಲ್ಲಿ. ತನ್ನ ಪುಸ್ತಕ ಓದಿ ಜನ ಏನೆನ್ನುತ್ತಿದ್ದಾರೆಂದು ತಿಳಿಯುವ ಸ್ಥಿತಿಯಲ್ಲಿ ಅವನಿರಲಿಲ್ಲ, ‘ನಾನು ಹಾಗೆ ಹೇಳಲಿಲ್ಲ’ ಎನ್ನುವ ಶಕ್ತಿಯೂ ಇರಲಿಲ್ಲ.

ಆ ಹೊತ್ತಿಗೆ ಅವನ ಪರವಾಗಿ ಮಾತನಾಡುವ ಹಕ್ಕನ್ನು ವಹಿಸಿಕೊಂಡವಳು ತಂಗಿ ಎಲಿಜಬೆತ್. 1885ರಲ್ಲಿ ಅವಳು ಮದುವೆಯಾದದ್ದು ಬೆರ್ನ್‌ಹಾರ್ಡ್ ಫ್ಯೋರ್ಸ್ಟರ್ ಎಂಬ, ಯೆಹೂದಿದ್ವೇಷವನ್ನೇ ರಾಜಕೀಯವಾಗಿಸಿಕೊಂಡಿದ್ದ ವ್ಯಕ್ತಿಯನ್ನು. ಗಂಡ ಹೆಂಡತಿ ಇಬ್ಬರೂ ಪೆರಾಗ್ವೆ ದೇಶಕ್ಕೆ ಹೋಗಿ ‘ಶುದ್ಧ’ ಜರ್ಮನರ ವಸಾಹತೊಂದನ್ನು ಕಟ್ಟಲು ಹೊರಟರು. ಅದು ಸಾಲದಲ್ಲಿ ಮುಳುಗಿತು, ಫ್ಯೋರ್ಸ್ಟರ್ 1889ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಈ ಸಂಬಂಧದ ಬಗ್ಗೆ ನೀಷೆಗೆ ಏನನ್ನಿಸಿತ್ತು ಎಂಬುದು ಊಹೆಯ ವಿಷಯವಲ್ಲ. 1887ರ ಕೊನೆಯಲ್ಲಿ ತಂಗಿಗೆ ಬರೆದ ಪತ್ರದಲ್ಲಿ ಅವನು, ಯೆಹೂದಿದ್ವೇಷಿಗಳ ಮುಖಂಡನೊಬ್ಬನನ್ನು ಮದುವೆಯಾದದ್ದು ಅವಳ ದೊಡ್ಡ ಮೂರ್ಖತನವೆಂದೂ, ಆ ದ್ವೇಷದ ವಿಷಯದಲ್ಲಿ ತಾನು ಸಂಪೂರ್ಣವಾಗಿ ವಿರೋಧಿಯಾಗಿ, ನಿಷ್ಕಳಂಕನಾಗಿ ಉಳಿಯುವುದು ತನ್ನ ಮರ್ಯಾದೆಯ ಪ್ರಶ್ನೆಯೆಂದೂ ಸ್ಪಷ್ಟವಾಗಿ ಬರೆದಿದ್ದಾನೆ. ಅದೇ ವರ್ಷ ಥಿಯೋಡೋರ್ ಫ್ರಿಟ್ಶ್ ಎಂಬವನು ತನ್ನ ಯೆಹೂದಿವಿರೋಧಿ ಪತ್ರಿಕೆಯ ಸಂಚಿಕೆಗಳನ್ನು ಕಳಿಸಿದಾಗ, ನೀಷೆ ಅವನ್ನು ಹಿಂದಕ್ಕೆ ಕಳಿಸಿ, ಇನ್ನು ಮುಂದೆ ಕಳಿಸಬೇಡವೆಂದು ತಿಳಿಸಿದ. ‘ಒಳಿತು ಕೆಡುಕುಗಳ ಆಚೆ’ ಪುಸ್ತಕದ 251ನೆಯ ಭಾಗದಲ್ಲಂತೂ, ದೇಶದಿಂದ ಹೊರಗಟ್ಟಬೇಕಾದದ್ದು ಯಾರನ್ನಾದರೂ ಇದ್ದರೆ ಅದು ಈ ಕಿರುಚಾಡುವ ಯೆಹೂದಿವಿರೋಧಿಗಳನ್ನು ಎಂಬ ಮಾತಿದೆ.

ಪೆರಾಗ್ವೆಯಿಂದ ಮರಳಿದ ಎಲಿಜಬೆತ್ 1894ರಲ್ಲಿ ನೀಷೆ ಪತ್ರಾಗಾರವನ್ನು ಸ್ಥಾಪಿಸಿದಳು. ಅಣ್ಣನ ಕೈಬರಹ, ಟಿಪ್ಪಣಿ ಪುಸ್ತಕ, ಪತ್ರಗಳನ್ನೆಲ್ಲ ಅಲ್ಲಿ ಒಟ್ಟುಗೂಡಿಸಿದಳು. ಅವಳು ಹೀಗೆ ಸಂಗ್ರಹಿಸದೆ ಇದ್ದಿದ್ದರೆ ಎಷ್ಟೋ ಹಾಳೆಗಳು ಕಳೆದುಹೋಗುತ್ತಿದ್ದವು. ಅಷ್ಟನ್ನು ಒಪ್ಪಿಕೊಳ್ಳುವುದು ನ್ಯಾಯ. ಆದರೆ ಅವಳು ಅಣ್ಣನ ಪತ್ರಗಳನ್ನು ಪ್ರಕಟಿಸುವಾಗ, ಅವನು ಬೇರೆಯವರಿಗೆ ಬರೆದದ್ದನ್ನು ತನಗೇ ಬರೆದದ್ದೆಂಬಂತೆ ತಿದ್ದಿದಳು. ತನ್ನಷ್ಟು ಅವನನ್ನು ಅರ್ಥಮಾಡಿಕೊಂಡವರು ಯಾರೂ ಇಲ್ಲವೆಂಬುದಕ್ಕೆ ಅವನ ಕೈಯಿಂದಲೇ ಸಾಕ್ಷಿ ಬೇಕಾಗಿತ್ತು. ಕಾರ್ಲ್ ಶ್ಲೆಖ್ಟಾ ಎಂಬ ಸಂಪಾದಕರು 1950ರ ದಶಕದಲ್ಲಿ ಈ ತಿದ್ದುಪಡಿಗಳನ್ನು ಲೋಕದ ಮುಂದಿಟ್ಟರು.

ಇದಕ್ಕಿಂತಲೂ ದೂರಗಾಮಿಯಾದದ್ದು ‘ಶಕ್ತಿಸಂಕಲ್ಪ’ ಎಂಬ ಪುಸ್ತಕ. ಆ ಹೆಸರಿನ ಗ್ರಂಥವೊಂದನ್ನು ಬರೆಯುವ ಯೋಜನೆ ನೀಷೆಗೆ ಇದ್ದದ್ದು ಹೌದು. 1888ರಲ್ಲಿ ಅದನ್ನು ಅವನು ಕೈಬಿಟ್ಟದ್ದೂ ಹೌದು. ಉಳಿದ ಟಿಪ್ಪಣಿಗಳಿಂದ ಆರಿಸಿ ಎಲಿಜಬೆತ್ ಮತ್ತು ಅವಳ ಸಹಾಯಕರು 1901ರಲ್ಲಿ 483 ಭಾಗಗಳ ಪುಸ್ತಕವನ್ನು ಹೊರತಂದರು. 1906ರಲ್ಲಿ ಅದು 1067 ಭಾಗಗಳಿಗೆ ಬೆಳೆಯಿತು. ತೀರಿಕೊಂಡವನ ಪುಸ್ತಕ ಐದು ವರ್ಷಗಳಲ್ಲಿ ಎರಡರಷ್ಟಕ್ಕಿಂತಲೂ ಹೆಚ್ಚು ದೊಡ್ಡದಾಯಿತು. ಅದರೊಳಗಿನ ವಾಕ್ಯಗಳಲ್ಲಿ ಬಹುಪಾಲು ನೀಷೆಯವೇ. ಅವುಗಳ ಅನುಕ್ರಮ ಅವನದಲ್ಲ, ಯಾವ ಟಿಪ್ಪಣಿ ಯಾವುದರ ಪಕ್ಕ ಕೂರಬೇಕೆಂಬ ತೀರ್ಮಾನ ಅವನದಲ್ಲ, ಇದನ್ನು ಪುಸ್ತಕವೆಂದು ಕರೆಯಬಹುದೆಂಬ ಒಪ್ಪಿಗೆ ಕೂಡ ಅವನದಲ್ಲ. ಬರಹಗಾರನು ರಾತ್ರಿ ಗೀಚಿಟ್ಟು ಬೆಳಿಗ್ಗೆ ಹೊಡೆದುಹಾಕುವ ಸಾಲಿಗೂ, ಅಚ್ಚಿನ ಕರಡು ತಿದ್ದಿ ಹೊರಗೆ ಬಿಡುವ ಸಾಲಿಗೂ ಇರುವ ಅಂತರ ಬರೆಯುವವರೆಲ್ಲರಿಗೂ ಗೊತ್ತು. ನಾನು ಅಧ್ಯಾಪಕನಾಗಿದ್ದ ಮೊದಲ ವರ್ಷಗಳಲ್ಲಿ ಈ ಪುಸ್ತಕವನ್ನೇ ನೀಷೆಯ ತತ್ತ್ವದ ಕೊನೆಯ ಮಾತೆಂದು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಅಂದು ನನ್ನೆದುರು ಕುಳಿತಿದ್ದವರಲ್ಲಿ ಕೆಲವರು ಇಂದು ಇಲ್ಲಿದ್ದಾರೆ. ಆ ಪಾಠವನ್ನು ಅವರ ಮುಂದೆ ತಿದ್ದಿಕೊಳ್ಳುವ ಹೊಣೆ ನನ್ನ ಮೇಲಿದೆ.

ಮುಂದಿನದು ನಿಮಗೆ ತಿಳಿದಿರಬಹುದು. ನಾಜಿಗಳು ಅಧಿಕಾರಕ್ಕೆ ಬಂದರು, ಹಿಟ್ಲರ್ ಪತ್ರಾಗಾರಕ್ಕೆ ಬಂದುಹೋದ, ನೀಷೆಯ ಪ್ರತಿಮೆಯ ಮುಂದೆ ನಿಂತ ಅವನ ಛಾಯಾಚಿತ್ರ ಪ್ರಚಾರಕ್ಕೆ ಬಂತು, 1935ರಲ್ಲಿ ಎಲಿಜಬೆತ್ ತೀರಿಕೊಂಡಾಗ ಅವಳ ಅಂತ್ಯಕ್ರಿಯೆಯಲ್ಲಿ ಅವನು ಹಾಜರಿದ್ದ. ನನಗೆ ಹೆಚ್ಚು ಗಂಭೀರವಾಗಿ ಕಾಣುವುದು ಛಾಯಾಚಿತ್ರವಲ್ಲ, ಆಲ್ಫ್ರೆಡ್ ಬಾಯ್ಮ್‌ಲರ್ ಎಂಬ ವಿದ್ವಾಂಸನ ಕೆಲಸ. 1931ರಲ್ಲಿ ಅವನು ನೀಷೆಯನ್ನು ರಾಜಕೀಯ ಚಿಂತಕನೆಂದು ನಿರೂಪಿಸುವ ಪುಸ್ತಕ ಬರೆದ, 1933ರಲ್ಲಿ ಬರ್ಲಿನ್‌ನಲ್ಲಿ ಪ್ರಾಧ್ಯಾಪಕನಾದ. ನೀಷೆ ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳಿಗಿಂತ ಬಿಟ್ಟುಹೋದ ಟಿಪ್ಪಣಿಗಳಲ್ಲಿಯೇ ನಿಜವಾದ ನೀಷೆ ಇದ್ದಾನೆಂಬುದು ಅವನ ವಾದ. ಈ ವಾದ ಏನು ಮಾಡುತ್ತದೆಂದು ಗಮನಿಸಿ. ಜರ್ಮನ್ ರಾಷ್ಟ್ರೀಯತೆಯನ್ನು ನೀಷೆ ಹಳಿದದ್ದೆಲ್ಲ ಪ್ರಕಟಿತ ಪುಸ್ತಕಗಳಲ್ಲಿ ಅಚ್ಚಾಗಿ ಎಲ್ಲರ ಕಣ್ಣಿಗೆ ಬೀಳುವಂತಿದೆ. ಅವನ್ನು ಸುಡುವ ಅಗತ್ಯವಿಲ್ಲ. ಅವು ಮೇಲ್ನೋಟದ ಮಾತು, ಒಳಗಿನ ಮಾತು ಬೇರೆ ಎಂದರೆ ಸಾಕು. ಪುಟ ತೆರೆದಿರುವಾಗಲೇ ಮುಚ್ಚಿಹೋಗುತ್ತದೆ. ನಾಜಿ ಪಾಳೆಯದಲ್ಲಿಯೇ ಅರ್ನ್‌ಸ್ಟ್ ಕ್ರೀಕ್ ಎಂಬ ಸಿದ್ಧಾಂತಿ ಇದನ್ನು ಒಪ್ಪಲಿಲ್ಲ. ನೀಷೆ ಸಮಾಜವಾದದ ವಿರೋಧಿ, ರಾಷ್ಟ್ರೀಯತೆಯ ವಿರೋಧಿ, ಜನಾಂಗವಾದದ ವಿರೋಧಿ. ಈ ಮೂರನ್ನು ಬಿಟ್ಟರೆ ಒಳ್ಳೆಯ ನಾಜಿಯಾಗಬಹುದಿತ್ತು ಎಂಬ ಅರ್ಥದ ಮಾತು ಅವನದು. ವಿರೋಧಿಯಾಗಿ ಓದಿದ ಅವನು ಅಭಿಮಾನಿಯಾಗಿ ಓದಿದವನಿಗಿಂತ ಪಠ್ಯಕ್ಕೆ ಹತ್ತಿರವಿದ್ದ.

ಪದಗಳ ವಿಷಯವಾಗಿ ಎರಡು ಮಾತು ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಓದುವ ನಾವೂ ಇಲ್ಲಿ ಎಡವುತ್ತೇವೆ. ನೀಷೆ ಬಳಸಿದ ‘ಅತಿಮಾನವ’ ಎಂಬ ಪದ ಕೇಳಿದಾಗ ನಮ್ಮ ಮನಸ್ಸಿಗೆ ಬರುವುದು ಅಸಾಧಾರಣ ಬಲದ ವ್ಯಕ್ತಿ. ತನ್ನ ‘ಜರತುಷ್ಟ್ರ’ ಎಂಬ ಪುಸ್ತಕದ ಆರಂಭದಲ್ಲಿ ನೀಷೆ ಹೇಳುವುದು, ಮನುಷ್ಯನೆಂಬುವನು ಪ್ರಾಣಿಗೂ ಅತಿಮಾನವನಿಗೂ ನಡುವೆ ಕಟ್ಟಿದ ಹಗ್ಗ, ದಾಟಬೇಕಾದದ್ದು ತನ್ನನ್ನೇ ಎಂದು. ಅಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ಹಾಗೆಯೇ ‘ಶಕ್ತಿಸಂಕಲ್ಪ’ದ ಮೂಲ ಹೆಸರಿನಲ್ಲಿರುವ ‘ಮಾಖ್ಟ್’ ಎಂಬ ಜರ್ಮನ್ ಪದವನ್ನು ‘ಅಧಿಕಾರ’ ಎಂದು ಅನುವಾದಿಸಿದರೆ ಓದುಗನ ಕಣ್ಣ ಮುಂದೆ ವಿಧಾನಸೌಧ ನಿಲ್ಲುತ್ತದೆ. ‘ಶಕ್ತಿ’ ಎಂದು ಅನುವಾದಿಸಿದರೆ ಬೀಜ ಮೊಳೆಯುವುದು, ಕಲಾವಿದನು ತನ್ನ ಮಾಧ್ಯಮವನ್ನು ಪಳಗಿಸುವುದು, ತಪಸ್ವಿಯು ತನ್ನ ಮೇಲೆ ತಾನೇ ಹಿಡಿತ ಸಾಧಿಸುವುದು ಕೂಡ ಒಳಗೆ ಬರುತ್ತದೆ. ಜರ್ಮನ್ ಪದದಲ್ಲಿ ಎರಡೂ ಇವೆ. ಇನ್ನು ‘ಹೊಂಗೂದಲಿನ ಮೃಗ’ ಎಂಬ ಕುಖ್ಯಾತ ಮಾತು ಬರುವುದು 1887ರ ‘ನೀತಿಯ ವಂಶಾವಳಿ’ಯಲ್ಲಿ. ಆ ವಾಕ್ಯವನ್ನು ಕೊನೆಯವರೆಗೆ ಓದಿದವರಿಗೆ ಮಾತ್ರ ಅದೇ ಸಾಲಿನಲ್ಲಿ ರೋಮನರು, ಅರಬರು, ಜಪಾನೀಯರು, ಹೋಮರನ ವೀರರು ಒಟ್ಟಿಗೆ ನಿಂತಿರುವುದು ಕಾಣುತ್ತದೆ. ಹಿಂದಿನ ಜರ್ಮಾನಿಕ್ ಬುಡಕಟ್ಟುಗಳಿಗೂ ಇಂದಿನ ಜರ್ಮನರಿಗೂ ರಕ್ತಸಂಬಂಧ ಇಲ್ಲವೆಂಬಷ್ಟು ಕಡಿಮೆ ಎಂಬ ಮಾತೂ ಅಲ್ಲಿಯೇ ಇದೆ. ಜನಾಂಗವಾದಿಗಳು ‘ಹೊಂಗೂದಲಿನ ಮೃಗ’ ಎಂಬ ಎರಡು ಪದಗಳನ್ನಷ್ಟೇ ಕಿತ್ತುಕೊಂಡು ಹೋದರು.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ತಪ್ಪೆಲ್ಲ ತಂಗಿಯದು ಮತ್ತು ನಾಜಿಗಳದು, ನೀಷೆ ನಿರಪರಾಧಿ ಎಂದು ಮನೆಗೆ ಹೋಗಬಹುದಾದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ವಾಲ್ಟರ್ ಕೌಫ್ಮನ್ ಅವರು 1950ರ ತಮ್ಮ ಪುಸ್ತಕದಲ್ಲಿ ನೀಷೆಯನ್ನು ಹೆಚ್ಚುಕಡಿಮೆ ಹೀಗೆಯೇ ಬಿಡಿಸಿಕೊಂಡರು. ಅವರ ಉಪಕಾರ ದೊಡ್ಡದು. ಆದರೂ ಆ ಪುಸ್ತಕದ ನೀಷೆ ತುಸು ಹೆಚ್ಚೇ ಸಜ್ಜನನಾಗಿದ್ದಾನೆ. ಸಮಾನತೆಯ ವಿಚಾರವನ್ನು ನೀಷೆ ನಿಜವಾಗಿಯೂ ತಿರಸ್ಕರಿಸಿದ. ಉನ್ನತ ಸಂಸ್ಕೃತಿಯೊಂದು ಬೆಳೆಯಬೇಕಾದರೆ ಯಾವುದಾದರೊಂದು ಅರ್ಥದಲ್ಲಿ ಗುಲಾಮಗಿರಿ ಬೇಕೆಂದು ‘ಒಳಿತು ಕೆಡುಕುಗಳ ಆಚೆ’ಯಲ್ಲಿಯೇ ಬರೆದ, ಅದು ತಂಗಿ ಸೇರಿಸಿದ ಮಾತಲ್ಲ. ಹೆಣ್ಣಿನ ಬಗ್ಗೆ ಅವನು ಆಡಿದ ಮಾತುಗಳನ್ನು ಇಲ್ಲಿ ಓದಿ ಹೇಳಲು ನನಗೆ ಮನಸ್ಸಿಲ್ಲ. ನಾಜಿಗಳನ್ನು ಅಳೆದ ಕೋಲಿನಿಂದಲೇ ಅವನ ಅಭಿಮಾನಿಗಳನ್ನೂ ಅಳೆಯಬೇಕಲ್ಲವೇ? ಅವನನ್ನು ಸಜ್ಜನನನ್ನಾಗಿ ಮಾಡುವವರೂ ಕೆಲವು ಪುಟಗಳನ್ನು ಮುಚ್ಚಿಡಬೇಕಾಗುತ್ತದೆ.

ಅಂಥ ಪುಟಗಳಲ್ಲಿ ನಮಗೆ ನೇರವಾಗಿ ಸಂಬಂಧಪಟ್ಟದ್ದು ಮನುಸ್ಮೃತಿಯ ಬಗ್ಗೆ ಇರುವಂಥವು. 1888ರಲ್ಲಿ ನೀಷೆ ಮನುವನ್ನು ಓದಿದ್ದು ಲೂಯಿ ಜಾಕೋಲಿಯೋ ಎಂಬ ಫ್ರೆಂಚ್ ಲೇಖಕನ, ನೆಚ್ಚಲಾಗದ ಅನುವಾದದಲ್ಲಿ. ‘ಕ್ರಿಸ್ತವಿರೋಧಿ’ ಪುಸ್ತಕದಲ್ಲಿ ಬೈಬಲ್ಲಿಗೆ ಹೋಲಿಸಿ ಅದನ್ನು ಹೊಗಳಿದ. ಅದೇ ವರ್ಷ ಬರೆದ ‘ವಿಗ್ರಹಗಳ ಸಂಜೆ’ಯಲ್ಲಿ ಚಂಡಾಲರ ಮೇಲಿನ ಕಟ್ಟಳೆಗಳನ್ನು ಪಟ್ಟಿ ಮಾಡಿ, ನಮ್ಮ ಭಾವನೆಗಳಿಗೆ ಇದಕ್ಕಿಂತ ವಿರುದ್ಧವಾದದ್ದು ಇನ್ನೊಂದಿಲ್ಲವೆಂದೂ, ‘ಶುದ್ಧ ರಕ್ತ’ ಎಂಬ ಕಲ್ಪನೆ ನಿರಪಾಯಕಾರಿಯಾದದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆಂದೂ ಬರೆದ. ಪ್ರಕಟಿಸದ ಟಿಪ್ಪಣಿಯೊಂದರಲ್ಲಿ, ಇಡೀ ಮನುಸ್ಮೃತಿ ನಿಂತಿರುವುದು ಪವಿತ್ರವೆಂಬ ಸುಳ್ಳಿನ ಮೇಲೆ ಎಂದ. ಮೂರೂ ಅವನ ಮಾತುಗಳೇ. ‘ಪಾಶ್ಚಾತ್ಯ ತತ್ತ್ವಜ್ಞಾನಿಯೇ ಮನುವನ್ನು ಮೆಚ್ಚಿದ್ದಾನೆ’ ಎಂದು ನಮ್ಮಲ್ಲಿ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಆ ಹೆಮ್ಮೆಗಾಗಿ ಇನ್ನೆರಡು ಮಾತುಗಳನ್ನು ಬಚ್ಚಿಡಬೇಕಾಗುತ್ತದೆ ಎಂದು ಮಾತ್ರ ನಾನು ಹೇಳುತ್ತೇನೆ.

ಇದೇ ಗಂಟನ್ನು ಕೈಗೆತ್ತಿಕೊಂಡವರು ಡಾ. ಅಂಬೇಡ್ಕರ್ ಅವರು. ಅವರು ಬದುಕಿದ್ದಾಗ ಪ್ರಕಟವಾಗದೆ ಉಳಿದ, ಹಿಂದೂ ಧರ್ಮದ ತತ್ತ್ವವನ್ನು ಕುರಿತ ಬರಹದಲ್ಲಿ, ಜರತುಷ್ಟ್ರನೆಂಬುದು ಮನುವಿನ ಇನ್ನೊಂದು ಹೆಸರು, ನೀಷೆಯ ಆ ಗ್ರಂಥ ಮನುಸ್ಮೃತಿಯ ಹೊಸ ಆವೃತ್ತಿ ಎಂದು ಕಠಿಣವಾಗಿ ಬರೆದಿದ್ದಾರೆ. ನಾನು ಈ ತೀರ್ಮಾನವನ್ನು ಪೂರ್ತಿ ಒಪ್ಪುವುದಿಲ್ಲ. ‘ಜರತುಷ್ಟ್ರ’ ಮುಗಿದ ಮೇಲಷ್ಟೇ ನೀಷೆ ಜಾಕೋಲಿಯೋನ ಮನುವನ್ನು ಓದಿದ್ದು. ಆದರೂ ಅಂಬೇಡ್ಕರ್ ಅವರ ಓದನ್ನು ನಾನು ವಿದ್ಯಾರ್ಥಿಗಳಿಗೆ ಮಾದರಿಯಾಗಿ ತೋರಿಸುತ್ತೇನೆ. ಅವರು ನೀಷೆಯನ್ನು ಮನುವಿನ ಜೊತೆ ಕೂರಿಸಿ ಸುಮ್ಮನಾಗಲಿಲ್ಲ. ನೀಷೆಯ ಅತಿಮಾನವನು ಯೋಗ್ಯತೆಯಿಂದ ಆದವನು, ಮನುವಿನ ಅತಿಮಾನವನು ಹುಟ್ಟಿನಿಂದ ಆದವನು. ನೀಷೆ ಸ್ವಾರ್ಥವಿಲ್ಲದ ತತ್ತ್ವಜ್ಞಾನಿ, ಮನು ಒಂದು ವರ್ಗದ ಹಿತಕ್ಕಾಗಿ ಬರೆದವನು. ಆದ್ದರಿಂದ ಮನುವಿನದು ನೀಷೆಯದಕ್ಕಿಂತಲೂ ಕೀಳಾದ ತತ್ತ್ವ ಎಂದು ಅವರೇ ವಿಂಗಡಿಸಿ ತೋರಿಸಿದರು. ತಮ್ಮ ಹೋಲಿಕೆ ಎಲ್ಲಿ ಮುರಿಯುತ್ತದೆಂಬುದನ್ನು ಓದುಗನಿಂದ ಮುಚ್ಚಿಡಲಿಲ್ಲ. ಅಷ್ಟು ನೋವಿನ ಅನುಭವವಿದ್ದ ವ್ಯಕ್ತಿ, ತಾನು ಖಂಡಿಸುತ್ತಿರುವವನ ಪರವಾದ ಸಾಕ್ಷ್ಯವನ್ನೂ ತಾನೇ ಮೇಜಿನ ಮೇಲಿಡುವುದು ಎಷ್ಟು ಕಷ್ಟದ ಪ್ರಾಮಾಣಿಕತೆ ಎಂಬುದನ್ನು ನಾವು ಯೋಚಿಸಬೇಕು.

ಮುಚ್ಚಿದ್ದನ್ನು ತೆರೆದವರು ಯಾರೆಂದೂ ಹೇಳಬೇಕು. ಜೋರ್ಜೋ ಕೊಲ್ಲಿ, ಮಾತ್ಸಿನೋ ಮೊಂತಿನಾರಿ ಎಂಬ ಇಬ್ಬರು ಇಟಾಲಿಯನ್ನರಿಗೆ ಬೇಕಾಗಿದ್ದದ್ದು ನೀಷೆಯನ್ನು ತಮ್ಮ ಭಾಷೆಗೆ ಅನುವಾದಿಸಲು ನಂಬಬಹುದಾದ ಪಠ್ಯ. ಅದು ಸಿಗದೆ ಹೋದಾಗ ಮೊಂತಿನಾರಿ 1961ರಲ್ಲಿ, ಅಂದು ಪೂರ್ವ ಜರ್ಮನಿಯಲ್ಲಿದ್ದ ವೈಮಾರ್‌ಗೆ ಹೋಗಿ, ಮೂಲ ಟಿಪ್ಪಣಿ ಪುಸ್ತಕಗಳನ್ನೇ ಓದತೊಡಗಿದರು. 1967ರಿಂದ ಅವರ ಸಂಪಾದನೆಯಲ್ಲಿ ಹೊಸ ಆವೃತ್ತಿ ಹೊರಬಂತು; ಅದರಲ್ಲಿ ಟಿಪ್ಪಣಿಗಳು ಬರೆದ ಕಾಲದ ಅನುಕ್ರಮದಲ್ಲಿವೆ, ‘ಶಕ್ತಿಸಂಕಲ್ಪ’ ಎಂಬ ಪುಸ್ತಕ ಅಲ್ಲಿ ಇಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಅಲ್ಲಿ ಕೊಟ್ಟ ಉತ್ತರ ಚಿಕ್ಕದಾಯಿತು. ಇಲ್ಲಿ ಬಿಡಿಸಿ ಬರೆಯುತ್ತೇನೆ. ‘ಹಾಗಾದರೆ ಗುರು ಹೇಳಿದಷ್ಟನ್ನೇ ಶಿಷ್ಯ ಮಾಡಬೇಕೇ, ಅದರಾಚೆ ಹೋದರೆ ದುರುಪಯೋಗವಾಗುತ್ತದೆಯೇ’ ಎಂಬುದು ಅವರ ಸಂದೇಹ. ಅವರು ಕೇಳಿದ್ದು ನಾರಾಯಣ ಗುರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಗುರುಗಳು 1916ರಲ್ಲಿ, ತಾವು ಜಾತಿ ಮತಗಳ ಭೇದವನ್ನು ಬಿಟ್ಟು ವರ್ಷಗಳಾದವೆಂದೂ, ಆದರೂ ಕೆಲವರು ತಮ್ಮನ್ನು ಆ ಜನರ ಸಮುದಾಯಕ್ಕೆ ಸೇರಿದವರೆಂದು ಎಣಿಸುತ್ತಿರುವುದರಿಂದ ತಪ್ಪು ತಿಳಿವಳಿಕೆ ಉಂಟಾಗಿದೆಯೆಂದೂ ಬಹಿರಂಗವಾಗಿ ಪ್ರಕಟಿಸಿದರು. ತಮ್ಮ ಹೆಸರಿನಲ್ಲಿಯೇ 1903ರಲ್ಲಿ ಹುಟ್ಟಿದ್ದ ‘ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗ’ ಎಂಬ ಸಂಘಟನೆಯ ಜೊತೆಗಿನ ನಂಟನ್ನು ಬಿಟ್ಟಿರುವುದಾಗಿ ಅದೇ ವರ್ಷ ಪತ್ರ ಬರೆದರು. ಗುರುಗಳನ್ನು ಯಾವುದಾದರೂ ಒಂದು ಸಮುದಾಯದ ಸ್ವತ್ತೆಂಬಂತೆ ಬಾವುಟದ ಮೇಲೆ ಬರೆಯುವವರು ಈ ಪ್ರಕಟಣೆಯನ್ನು ಮರೆಯಬೇಕಾಗುತ್ತದೆ. ದೇವಾಲಯಗಳ ಹೊರಗೆ ನಿಲ್ಲಿಸಲ್ಪಟ್ಟಿದ್ದ ಬಿಲ್ಲವರು ಅವರನ್ನು ಕರೆತಂದು ತಮ್ಮ ಮಾನವನ್ನು ಮರಳಿ ಪಡೆದರು ಎಂಬುದು ಸತ್ಯ, ಆ ಕೃತಜ್ಞತೆ ನ್ಯಾಯವಾದದ್ದು. ಕೃತಜ್ಞತೆಗೆ ಆ ಪ್ರಕಟಣೆಯನ್ನು ಮರೆಯಬೇಕಾದ ಅಗತ್ಯವಿಲ್ಲ.

ಇನ್ನು ಹೇಳದ್ದನ್ನು ಮಾಡುವ ವಿಚಾರ. 2013ರಲ್ಲಿ ಕುದ್ರೋಳಿ ಕ್ಷೇತ್ರದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ಕ್ಷೇತ್ರದ ಪ್ರತಿಷ್ಠೆಯಾಗಿ ಆಗಲೇ ನೂರು ವರ್ಷ ದಾಟಿತ್ತು. ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲುವಂತೆ ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಯಾರಿಗೆ ಹೇಳುತ್ತಿದ್ದರೋ ಅವರೇ ಗರ್ಭಗುಡಿಯಲ್ಲಿ ಆರತಿ ಎತ್ತಿದರು. ‘ಮನುಷ್ಯನಿಗೆ’ ಎಂಬ ಆ ಬಿಟ್ಟುಹೋದ ಪದವನ್ನು ಯಾರೋ ಮರಳಿ ಓದಿದರು ಎಂದೇ ನನಗೆ ಅನ್ನಿಸಿತು. ಹಾಗೆ ಮಾಡುವುದಕ್ಕಾಗಿ ಗುರುಗಳು ಬರೆದ ಒಂದೇ ಒಂದು ಸಾಲನ್ನೂ ಅವರು ಮುಚ್ಚಿಡಬೇಕಾಗಿ ಬರಲಿಲ್ಲ.